ಬಿಎಫ್‌ಸಿ ಅಭಿಮಾನಿಗೆ ಪದೇ ಪದೇ ಎದುರಾಗುವ ಪ್ರಶ್ನೆಗಳು

2014ರಿಂದ ಕಂಠೀರವ ಕ್ರೀಡಾಂಗಣದ ವೆಸ್ಟ್ ಬ್ಲಾಕ್‌ನಲ್ಲಿ ನಿಂತು ಬೆಂಗಳೂರು ಎಫ್‌ಸಿ (ಬಿಎಫ್‌ಸಿ) ಫುಟ್‌ಬಾಲ್ ಕ್ಲಬ್ಬಿನ ಆಟ ನೋಡುತ್ತಿದ್ದೇನೆ. ಕೊರಳಿಗೆ ನೀಲಿ ಸ್ಕಾರ್ಫ್ ಸುತ್ತಿಕೊಂಡು ಮೆಟ್ರೊ ಹತ್ತಿದರೆ ಸಾಕು, ಪಕ್ಕದಲ್ಲಿ ಕೂತವರು ಏನಾದರೊಂದು ಕೇಳುತ್ತಾರೆ. ಆಫೀಸಿನಲ್ಲಿ ಕೇಳುತ್ತಾರೆ, ಮದುವೆ ಊಟದ ಪಂಕ್ತಿಯಲ್ಲಿ ಕೇಳುತ್ತಾರೆ. ಅವಸರದಲ್ಲಿ ಕೊಟ್ಟ ಉತ್ತರಗಳೆಲ್ಲ ಅರ್ಧಂಬರ್ಧ. ಇಲ್ಲಿ ಕೂತು ಪೂರ್ತಿ ಬರೆದಿದ್ದೇನೆ.

ಇದು ಕ್ರಿಕೆಟ್ ಊರು. ಇಲ್ಲಿ ಫುಟ್‌ಬಾಲ್ ಎಲ್ಲಿಂದ ಬಂತು?

ಫುಟ್‌ಬಾಲ್ ಈ ಊರಿಗೆ ಹೊಸದಾಗಿ ಬಂದಿದ್ದಲ್ಲ. 1937 ಮತ್ತು 1938ರಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡ ಮುಂಬೈನ ಹಳೆಯ ಟೂರ್ನಿ ರೋವರ್ಸ್ ಕಪ್ ಗೆದ್ದಿತ್ತು. ಅಲ್ಲಿಯವರೆಗೆ ಆ ಕಪ್ಪು ಬ್ರಿಟಿಷ್ ಸೇನಾ ತಂಡಗಳ ಸೊತ್ತಿನಂತಿತ್ತು. ರಾಜ್ಯ ತಂಡಗಳು ಆಡುವ ಸಂತೋಷ್ ಟ್ರೋಫಿಯನ್ನು ಮೈಸೂರು ರಾಜ್ಯ ನಾಲ್ಕು ಸಲ ಗೆದ್ದಿದೆ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತಕ್ಕೆ ಗೋಲು ತಂದುಕೊಟ್ಟ ಸಾರಂಗಪಾಣಿ ರಾಮನ್ ನಮ್ಮೂರಿನವರು. ಈಸ್ಟ್ ಬೆಂಗಾಲ್‌ನ ಪಂಚಪಾಂಡವರಲ್ಲಿ ಒಬ್ಬರೆಂದು ಕೋಲ್ಕತ್ತದವರು ಇಂದಿಗೂ ನೆನೆಯುವ ಅಹ್ಮದ್ ಖಾನ್ ಕೂಡ ಇಲ್ಲಿಯವರೇ. ಹಲಸೂರಿನ ಗೌತಮಪುರಕ್ಕೆ ಒಮ್ಮೆ ಹೋಗಿ ಬನ್ನಿ, ರಸ್ತೆ ಬದಿಯಲ್ಲಿ ಪೆಲೆಯ ಪ್ರತಿಮೆ ನಿಂತಿದೆ.

ನನ್ನ ಸೋದರಮಾವ ಆಸ್ಟಿನ್ ಟೌನ್ ಮೈದಾನದಲ್ಲಿ ಆಡಿ ಬೆಳೆದವರು. ಅವರ ಕಾಲದಲ್ಲಿ ಐಟಿಐ, ಎಚ್‌ಎಎಲ್, ಬಿಇಎಂಎಲ್ ಅಂದರೆ ಬರೀ ಕಾರ್ಖಾನೆಗಳಲ್ಲ, ಫುಟ್‌ಬಾಲ್ ತಂಡಗಳು. ಚೆನ್ನಾಗಿ ಆಡುವ ಹುಡುಗನಿಗೆ ನೌಕರಿ ಸಿಗುತ್ತಿತ್ತು, ಸಂಜೆ ಪ್ರಾಕ್ಟೀಸಿಗೆ ಬಿಡುತ್ತಿದ್ದರು. ಮಾವನ ಬೂಟು ಈಗಲೂ ಅವರ ಮನೆಯ ಅಟ್ಟದ ಮೇಲಿದೆ. ಚರ್ಮ ಬಿರುಕು ಬಿಟ್ಟಿದೆ, ಅಡಿಯ ಒಂದೆರಡು ಸ್ಟಡ್ ಉದುರಿವೆ, ಆದರೂ ಹಬ್ಬದ ಧೂಳು ಹೊಡೆಯುವಾಗ ಅತ್ತೆ ಅದನ್ನು ಬಿಸಾಡುವ ಮಾತೆತ್ತುವ ಹಾಗಿಲ್ಲ. ಕಾರ್ಖಾನೆ ತಂಡಗಳು ಒಂದೊಂದಾಗಿ ಸೊರಗಿದವು. ಎಚ್‌ಎಎಲ್ 2012ರಲ್ಲಿ ಆಗಿನ ರಾಷ್ಟ್ರೀಯ ಲೀಗ್ ಆಗಿದ್ದ ಐ-ಲೀಗ್‌ನಿಂದ ಕೆಳಗಿಳಿಯಿತು. ಮರುವರ್ಷವೇ ಬಿಎಫ್‌ಸಿ ಹುಟ್ಟಿತು. ಖಾಲಿ ಜಾಗದಲ್ಲಿ ಹುಟ್ಟಿದ ಕ್ಲಬ್ ಅಲ್ಲ ಇದು, ಆರಿಹೋಗುತ್ತಿದ್ದ ಒಲೆಗೆ ಯಾರೋ ಸೌದೆ ಒಟ್ಟಿದ ಹಾಗೆ.

ಮೊದಲ ವರ್ಷಗಳನ್ನು ಹಳೆಯ ಅಭಿಮಾನಿಗಳು ಯಾಕೆ ಅಷ್ಟು ನೆನೆಸಿಕೊಳ್ಳುತ್ತಾರೆ?

ಕ್ಲಬ್ ಶುರುವಾಗಿದ್ದು 2013ರ ಜುಲೈನಲ್ಲಿ. ಸೆಪ್ಟೆಂಬರ್‌ನಲ್ಲಿ ಅಶೋಕನಗರದ ಫುಟ್‌ಬಾಲ್ ಸ್ಟೇಡಿಯಂನಲ್ಲಿ ಕೋಲ್ಕತ್ತದ ಮೋಹನ್ ಬಾಗಾನ್ ಎದುರು ಮೊದಲ ಮ್ಯಾಚ್, 1-1 ಡ್ರಾ. 2014ರ ಏಪ್ರಿಲ್‌ಗೆ ಐ-ಲೀಗ್ ಚಾಂಪಿಯನ್! ಗೋವಾದಲ್ಲಿ ಡೆಂಪೊ ತಂಡವನ್ನು 4-2ರಿಂದ ಸೋಲಿಸಿ ಮೊದಲ ಸೀಸನ್‌ನಲ್ಲೇ ಕಪ್ ತಂದರು. 2015ರಲ್ಲಿ ಫೆಡರೇಷನ್ ಕಪ್, 2016ರಲ್ಲಿ ಮತ್ತೆ ಐ-ಲೀಗ್, ಅದೇ ವರ್ಷ ಏಷ್ಯಾದ ಕ್ಲಬ್ಬುಗಳು ಆಡುವ ಎಎಫ್‌ಸಿ ಕಪ್ ಫೈನಲ್, 2017ರಲ್ಲಿ ಮತ್ತೊಂದು ಫೆಡರೇಷನ್ ಕಪ್, 2018ರಲ್ಲಿ ಸೂಪರ್ ಕಪ್, 2019ರಲ್ಲಿ ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್).

ನಾವು ನೆನೆಯುವುದು ಕಪ್ಪುಗಳನ್ನಷ್ಟೇ ಅಲ್ಲ. ಆಗ ಕ್ಲಬ್ಬಿನಲ್ಲಿ ಪ್ರತಿಯೊಂದಕ್ಕೂ ಒಂದು ಶಿಸ್ತಿತ್ತು. ಆಟಗಾರರು ಏನು ತಿನ್ನಬೇಕು, ಎಷ್ಟು ನಿದ್ದೆ ಮಾಡಬೇಕು ಅನ್ನುವುದನ್ನೂ ಮೊದಲ ಕೋಚ್ ಆಶ್ಲಿ ವೆಸ್ಟ್‌ವುಡ್ ಬಿಡಲಿಲ್ಲ. ಅವರ ನಂತರ ಆಲ್ಬರ್ಟ್ ರೋಕಾ ಬಂದು ಚೆಂಡನ್ನು ಕಾಲಲ್ಲಿ ಇಟ್ಟುಕೊಂಡು ಆಡುವುದನ್ನು ಕಲಿಸಿದರು. ರೋಕಾ ಹೋದಾಗ ಅವರ ಸಹಾಯಕರಾಗಿದ್ದ ಕಾರ್ಲೆಸ್ ಕ್ವಾಡ್ರಾಟ್ ಅದೇ ಕುರ್ಚಿಯಲ್ಲಿ ಕೂತರು. ಏಳೂವರೆ ವರ್ಷಕ್ಕೆ ಮೂರೇ ಕೋಚ್. ಒಬ್ಬರು ಕಟ್ಟಿದ ಗೋಡೆಯ ಮೇಲೆ ಇನ್ನೊಬ್ಬರು ಇಟ್ಟಿಗೆ ಇಟ್ಟರು.

ಮರೆಯಲಾಗದ ಮ್ಯಾಚ್ ಯಾವುದು?

ಎರಡು ಹೇಳುತ್ತೇನೆ, ಎರಡೂ ಕಂಠೀರವದಲ್ಲೇ ನಡೆದದ್ದು.

2015ರ ಮೇ 31. ಐ-ಲೀಗ್‌ನ ಕೊನೆಯ ದಿನ, ಎದುರಿಗೆ ಮೋಹನ್ ಬಾಗಾನ್. ಅವರಿಗೆ ಡ್ರಾ ಸಾಕು, ನಮಗೆ ಗೆಲುವೇ ಬೇಕು. ಮೊದಲಾರ್ಧದಲ್ಲಿ ಜಾನ್ ಜಾನ್ಸನ್ ಗೋಲು ಹೊಡೆದರು. ಆಮೇಲೆ ಗಡಿಯಾರ ಮುಂದೆ ಹೋಗಲೇ ಇಲ್ಲ. ನನ್ನ ಪಕ್ಕದಲ್ಲಿ ಪರಿಚಯವೇ ಇಲ್ಲದ ಒಬ್ಬರು ಹಿರಿಯರು ನಿಮಿಷಕ್ಕೊಮ್ಮೆ "ಎಷ್ಟಾಯ್ತಪ್ಪಾ?" ಅಂತ ಕೇಳುತ್ತಿದ್ದರು. ಎಂಬತ್ತಾರು ಅಂದೆ. ಮುಂದಿನ ನಿಮಿಷಕ್ಕೆ ಬಾಗಾನ್‌ಗೊಂದು ಕಾರ್ನರ್ ಸಿಕ್ಕಿತು. ಬೆಲ್ಲೊ ರಜಾಕ್ ಎಲ್ಲರಿಗಿಂತ ಮೇಲೆ ಹಾರಿ ತಲೆ ಕೊಟ್ಟರು. ಬಲೆ ಅಲುಗಿದ್ದು ಕಂಡಿತು, ಸದ್ದು ಮಾತ್ರ ದೂರದ ಬಾಗಾನ್ ಅಭಿಮಾನಿಗಳ ಕಡೆಯಿಂದ ಬಂತು. ಆ ಹಿರಿಯರು ಆಮೇಲೆ ನನ್ನನ್ನು ಸಮಯ ಕೇಳಲಿಲ್ಲ. ಮ್ಯಾಚ್ ಮುಗಿದ ಮೇಲೆ ನನ್ನ ಭುಜದ ಮೇಲೆ ಕೈಯಿಟ್ಟು, "ಬರೋ ವರ್ಷ ಬಾರಪ್ಪ" ಅಂದು ಮೆಟ್ಟಿಲಿಳಿದು ಹೋದರು. ನಾನು ಈ ಕ್ಲಬ್ಬಿನವನಾಗಿದ್ದು ಆ ಸಂಜೆ.

2016ರ ಅಕ್ಟೋಬರ್ 19. ಎಎಫ್‌ಸಿ ಕಪ್ ಸೆಮಿಫೈನಲ್‌ನ ಎರಡನೇ ಲೆಗ್. ಬಂದವರು ಹಿಂದಿನ ವರ್ಷದ ಚಾಂಪಿಯನ್, ಮಲೇಷ್ಯಾದ ಜೊಹೊರ್. ಅಲ್ಲಿ 1-1 ಆಗಿತ್ತು. ಇಲ್ಲಿ ಅವರೇ ಮೊದಲು ಗೋಲು ಹೊಡೆದರು. ಆದರೂ ಸ್ಟ್ಯಾಂಡ್ ಸುಮ್ಮನಾಗಲಿಲ್ಲ. ಛೆಟ್ರಿ ಒಂದು, ಛೆಟ್ರಿ ಇನ್ನೊಂದು, ಮೂರನೆಯದು ಡಿಫೆಂಡರ್ ಹುವಾನನ್. 3-1. ಭಾರತದ ಯಾವ ಕ್ಲಬ್ಬೂ ಅಲ್ಲಿಯವರೆಗೆ ಎಎಫ್‌ಸಿ ಕಪ್ ಫೈನಲ್ ಮುಟ್ಟಿರಲಿಲ್ಲ. ದೋಹಾದಲ್ಲಿ ಇರಾಕ್‌ನ ವಾಯುಪಡೆ ತಂಡದ ಎದುರು 1-0 ಸೋತೆವು, ನಿಜ. ಆದರೆ ಸೆಮಿಫೈನಲ್ ಗೆದ್ದ ಆ ರಾತ್ರಿ ಕಸ್ತೂರಬಾ ರಸ್ತೆಯಲ್ಲಿ ಅಪರಿಚಿತರೆಲ್ಲ ಒಬ್ಬರನ್ನೊಬ್ಬರು ತಬ್ಬಿಕೊಂಡಿದ್ದನ್ನು ನೋಡಿದ್ದೇನೆ.

2019ರ ಕಪ್ ಆದಮೇಲೆ ಏನಾಯಿತು?

ಕಟ್ಟುವ ತಾಳ್ಮೆ ಕಡಿಮೆಯಾಯಿತು. 2021ರ ಜನವರಿಯಲ್ಲಿ ಕ್ವಾಡ್ರಾಟ್ ಹೋದರು. ಮುಂದಿನ ಮೂರೇ ವರ್ಷದಲ್ಲಿ ಮಾರ್ಕೊ ಪೆಜಾಯುಲಿ, ಸೈಮನ್ ಗ್ರೇಸನ್, ಜೆರಾರ್ಡ್ ಜರಗೋಜಾ, ಹೀಗೆ ಮೂವರು ಕೋಚ್‌ಗಳು. ಒಬ್ಬೊಬ್ಬರದೂ ಒಂದೊಂದು ದಾರಿ, ಒಂದೊಂದು ಬಗೆಯ ಆಟಗಾರರು. ಫಲ ಏನೆಂದರೆ 2020-21ರಲ್ಲಿ ಏಳನೇ ಸ್ಥಾನ, ಮರುವರ್ಷ ಆರನೇ ಸ್ಥಾನ, 2023-24ರಲ್ಲಿ ಹನ್ನೆರಡು ತಂಡಗಳಲ್ಲಿ ಹತ್ತನೇ ಸ್ಥಾನ.

ನಡುವೆ 2022ರಲ್ಲಿ ಡುರಾಂಡ್ ಕಪ್ ಬಂತು, ಕೋಲ್ಕತ್ತದಲ್ಲಿ ಮುಂಬೈ ಸಿಟಿಯನ್ನು 2-1ರಿಂದ ಸೋಲಿಸಿ. ಅದೇ ಸೀಸನ್‌ನಲ್ಲಿ ಲೀಗ್‌ನ ಸತತ ಎಂಟು ಪಂದ್ಯ ಗೆದ್ದು ಫೈನಲ್‌ಗೂ ಹೋದೆವು. ಆದರೆ ಒಂದು ವರ್ಷ ಮುಗಿಲಿಗೆ, ಇನ್ನೊಂದು ವರ್ಷ ನೆಲಕ್ಕೆ ಅನ್ನುವುದು ಪ್ರಗತಿ ಅಲ್ಲ. 2024-25ರಲ್ಲಿ ಜರಗೋಜಾ ಕೈಗೆ ಪೂರ್ತಿ ಒಂದು ಸೀಸನ್ ಸಿಕ್ಕಾಗ ತಂಡ ಮೂರನೇ ಸ್ಥಾನಕ್ಕೆ ಬಂತು, ನಾಕೌಟ್‌ನಲ್ಲಿ ಮುಂಬೈಗೆ ಐದು ಗೋಲು ಹೊಡೆದು ಫೈನಲ್ ತಲುಪಿತು. ಕೋಚ್‌ಗೆ ಸಮಯ ಕೊಟ್ಟರೆ ಏನಾಗುತ್ತದೆ ಅನ್ನುವುದಕ್ಕೆ ಬೇರೆ ಪುರಾವೆ ನನಗೆ ಬೇಡ.

ಫೈನಲ್ ತನಕ ಬಂದು ಯಾಕೆ ಸೋಲುತ್ತೀರಿ?

ನಾಲ್ಕು ಐಎಸ್‌ಎಲ್ ಫೈನಲ್, ಒಂದು ಗೆಲುವು. ಈ ಪ್ರಶ್ನೆ ಕೇಳಿದಾಗ ಹಣೆಬರಹ ಅನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಗೋಲುಗಳನ್ನು ಒಂದೊಂದಾಗಿ ನೋಡಿ.

2018ರ ಮಾರ್ಚ್ 17, ನಮ್ಮದೇ ಅಂಗಳ. ಒಂಬತ್ತನೇ ನಿಮಿಷಕ್ಕೆ ಛೆಟ್ರಿ ಗೋಲು. ಆಮೇಲೆ ಚೆನ್ನೈಯಿನ್‌ನ ಮೈಲ್ಸನ್ ಆಲ್ವೆಸ್ ಎರಡು ಕಾರ್ನರ್‌ಗಳಿಗೆ ಎರಡು ಸಲ ತಲೆ ಕೊಟ್ಟರು, 3-2ರಿಂದ ಸೋತೆವು. 2023ರಲ್ಲಿ ಗೋವಾದ ಫಾಟೋರ್ಡಾದಲ್ಲಿ ಬಾಗಾನ್‌ನ ಎರಡೂ ಗೋಲು ಪೆನಾಲ್ಟಿ, ಕೊನೆಗೆ ಶೂಟೌಟ್‌ನಲ್ಲಿ 4-3. 2025ರ ಏಪ್ರಿಲ್ 12ರಂದು ಕೋಲ್ಕತ್ತದ ಸಾಲ್ಟ್ ಲೇಕ್‌ನಲ್ಲಿ ಬಾಗಾನ್ ಎದುರೇ ಒಂದು ಗೋಲು ಮುಂದಿದ್ದಾಗ ಮತ್ತೆ ಪೆನಾಲ್ಟಿ ಬಿಟ್ಟುಕೊಟ್ಟೆವು, ಎಕ್ಸ್‌ಟ್ರಾ ಟೈಮ್‌ನಲ್ಲಿ ಮೆಕ್ಲಾರೆನ್ ಮುಗಿಸಿದರು. 2015ರ ಬೆಲ್ಲೊ ರಜಾಕ್ ಗೋಲನ್ನೂ ಇದೇ ಸಾಲಿಗೆ ಸೇರಿಸಿ. ಆಟ ಹರಿಯುತ್ತಿರುವಾಗ ನಮ್ಮನ್ನು ಒಡೆಯುವುದು ಕಷ್ಟ. ಚೆಂಡು ನಿಂತು ಮತ್ತೆ ಏಳುವಾಗ, ಬಾಕ್ಸ್ ಒಳಗೆ ಕೈಕಾಲು ಗಲಿಬಿಲಿಯಾಗುವಾಗ ನಮ್ಮ ಕಪ್ ಜಾರುತ್ತದೆ.

ಗೆದ್ದಿದ್ದು ಹೇಗೆ? 2019ರ ಮಾರ್ಚ್ 17, ಸರಿಯಾಗಿ ಒಂದು ವರ್ಷದ ನಂತರ, ಮುಂಬೈನಲ್ಲಿ ಎಫ್‌ಸಿ ಗೋವಾ ಎದುರು. 117ನೇ ನಿಮಿಷ. ಕಾರ್ನರ್. ರಾಹುಲ್ ಭೆಕೆ ತಲೆ. ಕಂಠೀರವದಲ್ಲಿ ಕಳೆದುಕೊಂಡ ರೀತಿಯಲ್ಲೇ ಅಲ್ಲಿ ಗಳಿಸಿದೆವು. ಆ ಒಂದು ವರ್ಷ ಯಾರೋ ಕೂತು ಕಾರ್ನರ್‌ಗಳ ಮೇಲೆ ಕೆಲಸ ಮಾಡಿದ್ದಾರೆ ಅಂತಲೇ ನಾನು ನಂಬಿದ್ದೇನೆ. ಆ ಕೆಲಸ ಮತ್ತೆ ಆಗಬೇಕು.

ಕೇರಳ ಬ್ಲಾಸ್ಟರ್ಸ್ ಮೇಲಿನ ಆ ಫ್ರೀ ಕಿಕ್ ಸರಿಯೇ?

ಸರಿ. 2023ರ ಮಾರ್ಚ್ 3, ನಾಕೌಟ್, ಎಕ್ಸ್‌ಟ್ರಾ ಟೈಮ್. ಗೋಡೆ ನಿಲ್ಲುವ ಮೊದಲೇ ಛೆಟ್ರಿ ಹೊಡೆದರು, ರೆಫರಿ ಗೋಲು ಕೊಟ್ಟರು, ಕೇರಳ ತಂಡ ಮೈದಾನ ಬಿಟ್ಟು ಹೊರಟಿತು. ಬೇಗ ಹೊಡೆಯಲು ನಿಯಮದಲ್ಲಿ ಅವಕಾಶ ಇದೆ. ಅದರ ಆಚೆಗೆ ಒಂದು ಮಾತು: ಅವರ ಅಭಿಮಾನಿ ಬಳಗ ಮಂಜಪ್ಪಡೆ ಇಲ್ಲದಿದ್ದರೆ ನಮ್ಮ ಸೀಸನ್ ಅರ್ಧ ಸಪ್ಪೆ. ಬೆಂಗಳೂರಿನಲ್ಲಿ ಕೆಲಸ ಮಾಡುವ ಸಾವಿರಾರು ಮಲಯಾಳಿಗಳು ಆ ದಿನ ಹಳದಿ ಹಾಕಿಕೊಂಡು ಬರುತ್ತಾರೆ, ಸ್ಟೇಡಿಯಂ ತುಂಬಿ ತುಳುಕುತ್ತದೆ. 2024ರ ಡಿಸೆಂಬರ್‌ನಲ್ಲಿ ಅವರೆದುರು ಛೆಟ್ರಿ ಮೂರು ಗೋಲು ಹೊಡೆದು 4-2 ಗೆಲ್ಲಿಸಿದ ರಾತ್ರಿ ನನ್ನ ಗಂಟಲು ಎರಡು ದಿನ ಬಿದ್ದುಹೋಗಿತ್ತು.

ಸುನಿಲ್ ಛೆಟ್ರಿ ನಂತರ ಯಾರು?

ಯಾರೂ ಇಲ್ಲ. ಅವರಂಥ ಇನ್ನೊಬ್ಬರನ್ನು ಹುಡುಕುವುದೇ ತಪ್ಪು ದಾರಿ.

ಮೊದಲ ದಿನದಿಂದ ಕ್ಲಬ್ಬಿನಲ್ಲಿ ಇದ್ದಾರೆ. ನಲವತ್ತು ದಾಟಿದ ಮೇಲೆ, 2024-25ರ ಐಎಸ್‌ಎಲ್‌ನಲ್ಲಿ 14 ಗೋಲು ಹೊಡೆದು ಭಾರತೀಯ ಆಟಗಾರರಲ್ಲಿ ಎಲ್ಲರಿಗಿಂತ ಮುಂದಿದ್ದರು. ಸೆಮಿಫೈನಲ್‌ನಲ್ಲಿ ಗೋವಾ ಎರಡು ಗೋಲು ವಾಪಸ್ ತಂದು ಸಮ ಮಾಡಿದ್ದಾಗ, ಕೊನೆಯ ನಿಮಿಷಗಳಲ್ಲಿ ತಲೆ ಕೊಟ್ಟು ನಮ್ಮನ್ನು ಫೈನಲ್‌ಗೆ ಕೊಂಡೊಯ್ದವರೂ ಅವರೇ. ಅವರ ಮೇಲಿನ ನನ್ನ ಪ್ರೀತಿಗೆ ಅಳತೆ ಇಲ್ಲ. ಆದರೆ ಅದೇ ಅಂಕಿಯಲ್ಲಿ ಕ್ಲಬ್ಬಿಗೆ ಒಂದು ಎಚ್ಚರಿಕೆಯೂ ಇದೆ. ನಲವತ್ತರ ಸ್ಟ್ರೈಕರ್ ತಂಡದ ಆಸರೆಯಾಗಿದ್ದಾರೆ ಎಂದರೆ ಹಿಂದೆ ಬರಬೇಕಾದ ಇಪ್ಪತ್ತರ ಹುಡುಗನಿಗೆ ನಾವು ಸಾಕಷ್ಟು ನಿಮಿಷ ಕೊಟ್ಟಿಲ್ಲ ಅಂತ.

ಛೆಟ್ರಿ ಆಟ ಬಿಟ್ಟರೂ ಕ್ಲಬ್ ಬಿಡಬಾರದು. ಬಾಕ್ಸ್ ಒಳಗೆ ಯಾವಾಗ ಓಡಬೇಕು, ಯಾವಾಗ ನಿಲ್ಲಬೇಕು ಅನ್ನುವುದನ್ನು ಅವರಿಗಿಂತ ಚೆನ್ನಾಗಿ ಹೇಳಿಕೊಡುವವರು ಈ ದೇಶದಲ್ಲಿಲ್ಲ.

ತಂಡದಲ್ಲಿ ನಮ್ಮ ಕನ್ನಡದ ಹುಡುಗರು ಎಲ್ಲಿ?

ಇದನ್ನು ಅತಿ ಹೆಚ್ಚು ಕೇಳುವವರು ನನ್ನ ಮಾವ. ನನಗೂ ಅತಿ ಮುಖ್ಯ ಅನ್ನಿಸುವ ಪ್ರಶ್ನೆ ಇದೇ.

ಮೊದಲು ಒಂದು ಮಾತು ಸ್ಪಷ್ಟ. ಮಣಿಪುರದಿಂದ ಬಂದ ರೋಷನ್ ಸಿಂಗ್, ತಮಿಳುನಾಡಿನ ಶಿವಶಕ್ತಿ ನಮ್ಮವರೇ. ಇಬ್ಬರೂ ಈ ಕ್ಲಬ್ಬಿನಲ್ಲೇ ಬೆಳೆದು, 2021-22 ಮತ್ತು 2022-23ರಲ್ಲಿ ಐಎಸ್‌ಎಲ್‌ನ ಉದಯೋನ್ಮುಖ ಆಟಗಾರ ಪ್ರಶಸ್ತಿ ಪಡೆದರು. 2022ರಲ್ಲಿ ನಮ್ಮ ಕಿರಿಯರು ಮೊದಲ ಡೆವಲಪ್‌ಮೆಂಟ್ ಲೀಗ್ ಗೆದ್ದರು. ಬಳ್ಳಾರಿ ಜಿಲ್ಲೆಯಲ್ಲಿ ಕ್ಲಬ್ಬಿನ ವಸತಿ ಅಕಾಡೆಮಿ ಇದೆ. ಕೆಲಸ ಆಗಿಯೇ ಇಲ್ಲ ಅನ್ನುವುದು ಅನ್ಯಾಯ. ನೀಲಿ ಜರ್ಸಿ ತೊಟ್ಟವನ ಊರು ಕೇಳುವ ಅಭ್ಯಾಸ ವೆಸ್ಟ್ ಬ್ಲಾಕ್‌ಗಿಲ್ಲ, ಅದು ನಮ್ಮ ಹೆಮ್ಮೆ.

ಆದರೂ 2024ರ ಸೆಪ್ಟೆಂಬರ್ 14ರಂದು ಈಸ್ಟ್ ಬೆಂಗಾಲ್ ಎದುರು ಬೆಂಗಳೂರಿನ ಹುಡುಗ ವಿನೀತ್ ವೆಂಕಟೇಶ್ ಗೋಲು ಹೊಡೆದಾಗ ಕಂಠೀರವ ಕೂಗಿದ ಕೂಗೇ ಬೇರೆ. ಹತ್ತೊಂಬತ್ತು ವರ್ಷ, ಐಎಸ್‌ಎಲ್‌ನ ಮೊದಲ ಪಂದ್ಯ, ಪಂದ್ಯದ ಒಂದೇ ಗೋಲು. ಮಾವ ಅಂದು ನನ್ನ ಜೊತೆ ಬಂದಿದ್ದರು. ಅವರು ಕೂಗಲಿಲ್ಲ. ಕಂಬಿ ಹಿಡಿದು ಎದ್ದು ನಿಂತರು, ಕನ್ನಡಕ ತೆಗೆದು ಒರೆಸಿಕೊಂಡರು. "ನಮ್ಮೂರಲ್ಲಿ ಹುಡುಗರಿಗೆ ಕೊರತೆ ಇಲ್ಲ ಕಣೋ, ನೋಡೋ ಕಣ್ಣಿಗೆ ಕೊರತೆ" ಅಂದರು.

ಅದು ಸತ್ಯ. 2023ರ ಮಾರ್ಚ್‌ನಲ್ಲಿ ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ ಕರ್ನಾಟಕ 54 ವರ್ಷಗಳ ನಂತರ ಸಂತೋಷ್ ಟ್ರೋಫಿ ಗೆದ್ದಿತು. ಅಂಥ ತಂಡ ಆಕಾಶದಿಂದ ಉದುರುವುದಿಲ್ಲ. ಆಸ್ಟಿನ್ ಟೌನ್, ಗೌತಮಪುರ, ಶಿವಾಜಿನಗರದ ಗಲ್ಲಿಗಳಲ್ಲಿ, ಊರಿನ ಸೂಪರ್ ಡಿವಿಷನ್ ಲೀಗ್ ಪಂದ್ಯಗಳಲ್ಲಿ, ಮಧ್ಯಾಹ್ನದ ಬಿಸಿಲಲ್ಲಿ ನೂರು ಜನರೂ ನೋಡದಿರುವಾಗ ಹುಟ್ಟುತ್ತದೆ. ಕ್ಲಬ್ಬಿನ ಒಬ್ಬ ಮನುಷ್ಯ ಆ ಪ್ರತಿಯೊಂದು ಮ್ಯಾಚಿಗೂ ಕೈಯಲ್ಲಿ ಪುಸ್ತಕ ಹಿಡಿದು ಬಂದು ಕೂರಬೇಕು. ಬೆಳಗಾವಿಗೆ, ಮಂಗಳೂರಿಗೆ, ಮೈಸೂರಿಗೆ, ಕೊಡಗಿಗೆ ಹೋಗಬೇಕು. ದುಡ್ಡು ಕೊಟ್ಟು ಕಲಿಯುವ ಸಾಕರ್ ಸ್ಕೂಲ್‌ಗಳು ಬೇಕು, ಇರಲಿ. ಆದರೆ ಫೀಸು ಕಟ್ಟಲಾಗದ ಮನೆಯ ಹುಡುಗ ಯಾವ ಬಾಗಿಲಿನಿಂದ ಒಳಗೆ ಬರಬೇಕು ಅನ್ನುವುದನ್ನು ಕ್ಲಬ್ ಇನ್ನೂ ಗಟ್ಟಿಯಾಗಿ ಹೇಳಬೇಕು.

ಕಂಠೀರವ ಅಥ್ಲೀಟ್‌ಗಳದ್ದಲ್ಲವೇ? ನೀವು ಯಾಕೆ ಅಲ್ಲಿ?

ಅಥ್ಲೀಟ್‌ಗಳ ದೂರು ನ್ಯಾಯವಾದದ್ದು. ಬೆಳಿಗ್ಗೆ ಐದಕ್ಕೆ ಎದ್ದು ಬಸ್ ಹಿಡಿದು ಬರುವ ಓಟಗಾರ್ತಿಗೆ ಟ್ರ್ಯಾಕ್ ಸಿಗದಿದ್ದರೆ ನನ್ನ ಸಂಜೆಯ ಸಂತೋಷಕ್ಕೆ ಬೆಲೆ ಇಲ್ಲ. 2025ರ ಜುಲೈನಲ್ಲಿ ನೀರಜ್ ಚೋಪ್ರಾ ಅಲ್ಲಿ ಜಾವೆಲಿನ್ ಎಸೆದಾಗ ಆ ಅಂಗಳ ಯಾವುದಕ್ಕಾಗಿ ಕಟ್ಟಿದ್ದು ಅನ್ನುವುದು ಎಲ್ಲರಿಗೂ ಕಂಡಿತು.

ಫುಟ್‌ಬಾಲ್ ದೃಷ್ಟಿಯಿಂದಲೂ ಅದು ಸರಿಯಾದ ಮನೆ ಅಲ್ಲ. ಸ್ಟ್ಯಾಂಡಿಗೂ ಹುಲ್ಲಿಗೂ ನಡುವೆ ಟ್ರ್ಯಾಕ್. ಆಚೆ ತುದಿಯ ಗೋಲು ಯಾರು ಹೊಡೆದರು ಅಂತ ತಿಳಿಯಲು ಒಮ್ಮೊಮ್ಮೆ ಸ್ಪೀಕರ್‌ನಲ್ಲಿ ಹೇಳುವವರೆಗೆ ಕಾಯಬೇಕು. ಅಶೋಕನಗರದ ಚಿಕ್ಕ ಸ್ಟೇಡಿಯಂನಲ್ಲಿ ಆಟಗಾರನ ಉಸಿರು ಕೇಳಿಸುತ್ತಿತ್ತು. ಹದಿನೈದು ಸಾವಿರ ಜನ ಹಿಡಿಯುವ, ಮೆಟ್ರೊ ಮುಟ್ಟುವ ಜಾಗದಲ್ಲಿ ಫುಟ್‌ಬಾಲ್‌ಗೆಂದೇ ಕಟ್ಟಿದ ಅಂಗಳ ಬೇಕು. ಸರ್ಕಾರ ಜಾಗ ಕೊಡಲಿ, ಕ್ಲಬ್ ಕಟ್ಟಲಿ, ಬೆಳಗಿನ ಹೊತ್ತು ಶಾಲೆ ಮಕ್ಕಳು ಆಡಲಿ. ಬೆಂಗಳೂರಿನಲ್ಲಿ ಜಾಗದ ಬೆಲೆ ಗೊತ್ತಿದ್ದೇ ಈ ಮಾತು ಹೇಳುತ್ತಿದ್ದೇನೆ.

ಲೀಗೇ ನಿಂತುಹೋಗಿತ್ತಲ್ಲ, ಇನ್ನೂ ನಂಬಿಕೆ ಇದೆಯೇ?

2010ರಲ್ಲಿ ಫುಟ್‌ಬಾಲ್ ಫೆಡರೇಷನ್ ಮಾಡಿಕೊಂಡಿದ್ದ, ಲೀಗ್‌ಗೆ ಆಧಾರವಾಗಿದ್ದ ಹದಿನೈದು ವರ್ಷದ ವಾಣಿಜ್ಯ ಒಪ್ಪಂದ 2025ರ ಡಿಸೆಂಬರ್‌ಗೆ ಮುಗಿಯುವುದಿತ್ತು. ಮುಂದೇನು ಅಂತ ಯಾರೂ ಸಕಾಲದಲ್ಲಿ ತೀರ್ಮಾನಿಸಲಿಲ್ಲ. 2025ರ ಜುಲೈನಲ್ಲೇ ಲೀಗ್ ತಡೆಹಿಡಿದರು. ಆಗಸ್ಟ್‌ನಲ್ಲಿ ನಮ್ಮ ಕ್ಲಬ್ ಆಟಗಾರರ, ಸಿಬ್ಬಂದಿಯ ಸಂಬಳ ನಿಲ್ಲಿಸುವುದಾಗಿ ಹೇಳಿತು. ಸೆಪ್ಟೆಂಬರ್ ಹೊತ್ತಿಗೆ ಶುರುವಾಗುತ್ತಿದ್ದ ಲೀಗ್ 2026ರ ಫೆಬ್ರವರಿಗೆ ಹೋಯಿತು, ಅದೂ ಮೊಟಕಾಗಿ.

ಆ ತಿಂಗಳುಗಳಲ್ಲಿ ನನಗೆ ಹೆಚ್ಚು ನೆನಪಾಗಿದ್ದು ದೊಡ್ಡ ಆಟಗಾರರಲ್ಲ. ಜರ್ಸಿ ಒಗೆದು ಮಡಿಸಿಡುವ ಕಿಟ್ ಸಿಬ್ಬಂದಿ, ಫಿಸಿಯೊ, ಬಸ್ ಓಡಿಸುವವರು. ಒಂದು ಲೀಗ್ ನಿಂತರೆ ಮೊದಲು ಒಲೆ ಆರುವುದು ಅವರ ಮನೆಯಲ್ಲಿ. ನಂಬಿಕೆ ಇದೆಯೇ ಅಂದರೆ, ಆಟದ ಮೇಲೆ ಇದೆ. ಆಡಳಿತದ ಮೇಲೆ ನಂಬಿಕೆ ಬರಬೇಕಾದರೆ ಹತ್ತು ವರ್ಷದ ವೇಳಾಪಟ್ಟಿ, ಮೇಲೇರುವ ಮತ್ತು ಕೆಳಗಿಳಿಯುವ ಪದ್ಧತಿ, ಕ್ಲಬ್ಬುಗಳಿಗೆ ಮಾತಾಡುವ ಹಕ್ಕು, ಇಷ್ಟು ಕಾಗದದ ಮೇಲೆ ಬರಬೇಕು.

ಹೆಣ್ಣುಮಕ್ಕಳ ತಂಡ?

ರಾಷ್ಟ್ರೀಯ ಲೀಗ್‌ನಲ್ಲಿ ಆಡುವ ತಂಡ ಬೇಕು, ತಡವಾಗಿದೆ. ಮಹಿಳಾ ಲೀಗ್‌ನಲ್ಲಿ ಈ ಊರಿನ ಹೆಸರು ಹೊತ್ತು 2023ರಲ್ಲಿ ಫೈನಲ್ ಆಡಿದ್ದು ಕಿಕ್‌ಸ್ಟಾರ್ಟ್, ನಾವಲ್ಲ. ಸ್ಟ್ಯಾಂಡಿನಲ್ಲಿ ಡೋಲು ಬಾರಿಸುವ ಹುಡುಗಿಯರಿದ್ದಾರೆ, ಆ ಲೀಗ್‌ನ ಮೈದಾನದಲ್ಲಿ ಅವರಿಗೆ ನೀಲಿ ಜರ್ಸಿ ಇಲ್ಲ.

ಮೊದಲ ಸಲ ಬರುತ್ತಿದ್ದೇನೆ. ಏನು ತಿಳಿದಿರಬೇಕು?

ಗಾಡಿ ಬೇಡ, ಕಬ್ಬನ್ ಪಾರ್ಕ್ ಮೆಟ್ರೊದಲ್ಲಿ ಇಳಿದು ನಡೆದು ಬನ್ನಿ. ಅರ್ಧ ಗಂಟೆ ಮೊದಲೇ ಬನ್ನಿ, ಗೇಟಿನಲ್ಲಿ ತಪಾಸಣೆಗೆ ಹೊತ್ತಾಗುತ್ತದೆ. ಕೂತು ನೋಡಬೇಕು ಅನ್ನುವವರು, ಚಿಕ್ಕ ಮಕ್ಕಳಿರುವವರು ಬೇರೆ ಸ್ಟ್ಯಾಂಡಿನ ಟಿಕೆಟ್ ತೆಗೆದುಕೊಳ್ಳಿ. ನಮ್ಮ ಅಭಿಮಾನಿ ಬಳಗ ವೆಸ್ಟ್ ಬ್ಲಾಕ್ ಬ್ಲೂಸ್ ನಡುವೆ ತೊಂಬತ್ತು ನಿಮಿಷವೂ ನಿಂತೇ ಇರಬೇಕು. ಹಾಡು ಬರದಿದ್ದರೆ ಚಿಂತೆಯಿಲ್ಲ, ಚಪ್ಪಾಳೆಯಿಂದ ಶುರುಮಾಡಿ. ಎರಡನೇ ಅರ್ಧದ ಹೊತ್ತಿಗೆ ಪಕ್ಕದವರು ಕಲಿಸಿರುತ್ತಾರೆ.

ಮುಂದಿನ ಐದು ವರ್ಷದಲ್ಲಿ ಏನು ನೋಡಲು ಬಯಸುತ್ತೀರಿ?

ಒಬ್ಬ ಕೋಚ್‌ಗೆ ಕನಿಷ್ಠ ಮೂರು ಸೀಸನ್. 2021ರ ನಂತರ ಕ್ಲಬ್ ಆಡದ ಏಷ್ಯಾ ಪಂದ್ಯಗಳು ಮತ್ತೆ ಬರಲಿ, ನಮ್ಮೂರಿನಲ್ಲೇ ನಡೆಯಲಿ. ಹನ್ನೊಂದರಲ್ಲಿ ಮೂವರು ಅಕಾಡೆಮಿಯಿಂದ, ಅದರಲ್ಲಿ ಒಬ್ಬನಾದರೂ ಮೆಟ್ರೊ ಹತ್ತಿ ಪ್ರಾಕ್ಟೀಸಿಗೆ ಬಂದು ಬೆಳೆದವನು. ಅಂಕಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಕೊಡುವ ಲೀಗ್ ಶೀಲ್ಡ್ ಕೂಡ: 2018 ಮತ್ತು 2019ರಲ್ಲಿ ಪಟ್ಟಿಯ ತುದಿಯಲ್ಲಿ ಕೂತಿದ್ದೆವು, ಆ ಶೀಲ್ಡ್ ಕೊಡಲು ಶುರುಮಾಡಿದ್ದು ಅದರ ಮುಂದಿನ ಸೀಸನ್‌ನಿಂದ.

ಮಾವನಿಗೆ ಈಗ ಮೆಟ್ಟಿಲು ಹತ್ತುವುದು ಕಷ್ಟ, ಆದರೂ ಪ್ರತಿ ಸೀಸನ್ ಮೊದಲ ಪಂದ್ಯಕ್ಕೆ ಬರುತ್ತಾರೆ. ತಂಡದ ಪಟ್ಟಿ ಬಂದ ತಕ್ಷಣ ಫೋನ್ ನನ್ನ ಕೈಗೆ ಕೊಟ್ಟು, "ಓದು, ನಮ್ಮೂರವರು ಎಷ್ಟು ಜನ?" ಅನ್ನುತ್ತಾರೆ. ನಾನು ಓದುತ್ತೇನೆ, ಅವರು ಬೆರಳು ಮಡಿಸುತ್ತಾರೆ.